ಮಾವನ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಜುಮಾರ್‌ಗಳು: ಹೋಲಿಸುವುದು ಹೇಗೆ, ಹಗ್ಗಕ್ಕೆ ಹಾಕಬಹುದೇ?

ಬಂಡೆಹುಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಬಹುಕಾಲ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಶನಿವಾರ ಬಂತೆಂದರೆ ಗೆಳೆಯರನ್ನು ಕಟ್ಟಿಕೊಂಡು ಗುಹೆಗೆ ಇಳಿಯುವುದು ಅವರ ಹವ್ಯಾಸವಾಗಿತ್ತು. ಈಗ ಮೈಸೂರಿನಲ್ಲಿದ್ದಾರೆ. ಮೊನ್ನೆ ಹೋದಾಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿ, "ನೀನು ಬಂಡೆ ಹತ್ತುವವಳಲ್ಲವೇ, ತೆಗೆದುಕೊಂಡು ಹೋಗು" ಎಂದರು. ಯಾವುದು ಯಾವುದಕ್ಕೆ ಎಂದು ಕೇಳಿದರೆ, "ಎಲ್ಲವೂ ಹಗ್ಗ ಹತ್ತುವುದಕ್ಕೇ" ಎಂಬಷ್ಟೇ ಉತ್ತರ. ಅವರದು ಮೊದಲಿನಿಂದಲೂ ಮಾತು ಕಡಿಮೆ.

ಚಿತ್ರಗಳನ್ನು ನೋಡಿ ನೋಡಿ ಹೆಸರುಗಳನ್ನು ಪತ್ತೆ ಹಚ್ಚಿದ್ದೇನೆ. ಎಡಗೈಗೊಂದು ಬಲಗೈಗೊಂದು ಎಂಬಂತೆ ಹಳೆಯ ಸ್ವಿಸ್ ಜುಮಾರ್‌ಗಳ ಜೋಡಿ ಇದೆ, ಹಗ್ಗದಲ್ಲಿ ಮೇಲಕ್ಕೆ ಮಾತ್ರ ಜಾರುವ ಹಿಡಿಕೆಗಳು. ಒಂದರಲ್ಲಿ ಕೆಳತುದಿಯ ತೂತನ್ನು ಖಾಲಿ ಬಿಟ್ಟು, ಪಟ್ಟಿಯನ್ನು ಹಿಡಿಕೆಯ ಚೌಕಟ್ಟಿಗೇ ಸುತ್ತಿ ಕಟ್ಟಿದ್ದಾರೆ. ಗಿಬ್ಸ್ ಎಂಬುದು ಎರಡಿವೆ: ಬಾಗಿಸಿದ ತಗಡು, ಅದರೊಳಗೆ ಒಂದು ದಪ್ಪ ಕ್ಯಾಮ್ (ತಿರುಗಿ ಹಗ್ಗವನ್ನು ಒತ್ತಿ ಹಿಡಿಯುವ ತುಂಡು), ತೂಗಾಡುವ ಒಂದು ಪಿನ್ನು. ಅವುಗಳಲ್ಲಿ ಒಂದಕ್ಕೆ ರಬ್ಬರ್ ಹುರಿ ಕಟ್ಟಿದೆ. ಅದು ಒಣಗಿ ಬಿರಿದಿದೆ. ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿಯಂಥದ್ದು ಒಂದಿದೆ, ಒಳಗೆ ಎರಡು ಉರುಳೆ. ಕೊನೆಯದು ಫ್ರಾನ್ಸಿನ ಕಂಪನಿ ಪೆಟ್ಜಲ್‌ನ ಹಳೆಯ ಕ್ರೋಲ್, ಎದೆಗೆ ಕಟ್ಟಿಕೊಳ್ಳುವ ಹಿಡಿತ. ಅದರಲ್ಲಿ ಹಗ್ಗ ಹಾಯುವ ಜಾಗದ ಲೋಹ ಸವೆದು, ಉಗುರು ಇಳಿಯುವಷ್ಟು ಆಳದ ಗೀರು ಬಿದ್ದಿದೆ.

ಉತ್ತರಕಾಶಿಯ ಪರ್ವತಾರೋಹಣದ ಬೇಸಿಕ್ ಕೋರ್ಸಿನಲ್ಲಿ ಜುಮಾರ್ ಹಾಕಿಕೊಂಡು ಹತ್ತಿದ ಅನುಭವ ನನಗಿದೆ, ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಇವುಗಳಲ್ಲಿ ಯಾವುದು ಅತ್ಯುತ್ತಮ? ಹೋಲಿಸಿ ನೋಡಲು ಏನು ಮಾಡಬೇಕು? ಸಾವನದುರ್ಗಕ್ಕೆ ಕೊಂಡೊಯ್ದು ಬಳಸಬಹುದೇ? ತುಕ್ಕು, ಮಣ್ಣು ಇರುವುದರಿಂದ ಸೀಮೆಎಣ್ಣೆ ಹಾಕಿ ಉಜ್ಜಿ ಬಿಡೋಣವೆಂದಿದ್ದೇನೆ.

ಹಳೆಯ ಫಿಟ್ಟರ್ ಉತ್ತರ:

ತಾಯಿ, ಸೀಮೆಎಣ್ಣೆಯ ಡಬ್ಬಿಯನ್ನು ಮೊದಲು ಒಳಗಿಡಿ. ಏನನ್ನೂ ಉಜ್ಜಬೇಡಿ, ಆ ರಬ್ಬರ್ ಹುರಿಯನ್ನಂತೂ ಬಿಚ್ಚಲೇಬೇಡಿ. ನಾನು ಪೀಣ್ಯದ ಟೂಲ್ ರೂಮಿನಲ್ಲಿ ಕೈ ಸವೆಸಿದವನು. ಹಗ್ಗ ಹತ್ತುವ ಸಾಧನಗಳನ್ನು ಕೂಡಿಡುವುದು ನನ್ನ ಹುಚ್ಚು. ಬಟ್ಟೆ ಇಡಬೇಕಾದ ಬೀರುವಿನಲ್ಲಿ ಅವೇ ತುಂಬಿವೆ ಎಂದು ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತೇನೆ.

ನಿಮ್ಮ ಮಾವ ಹೇಳದೆ ಉಳಿಸಿದ್ದನ್ನು ಸಾಮಾನೇ ಹೇಳುತ್ತಿದೆ. ಎರಡು ಗಿಬ್ಸ್, ಒಂದಕ್ಕೆ ರಬ್ಬರ್, ಜೊತೆಗೆ ಉರುಳೆಯ ಡಬ್ಬಿ. ಇವು ಮೂರೂ ಒಂದೇ ವ್ಯವಸ್ಥೆಯ ಭಾಗಗಳು. ಅಮೆರಿಕದ ಗುಹೆಗಾರರು ಅದನ್ನು ರೋಪ್‌ವಾಕರ್ ಎನ್ನುತ್ತಾರೆ. ಒಂದು ಗಿಬ್ಸ್ ಒಂದು ಕಾಲಿನ ಹಿಮ್ಮಡಿಯ ಬಳಿ, ಇನ್ನೊಂದು ಮತ್ತೊಂದು ಕಾಲಿನ ಮಂಡಿಯ ಬಳಿ. ರಬ್ಬರ್ ಹುರಿಯ ಮೇಲ್ತುದಿ ಭುಜದ ಹತ್ತಿರ ಕಟ್ಟಿರುತ್ತದೆ. ಕಾಲೆತ್ತಿದಾಗ ಮಂಡಿಯ ಗಿಬ್ಸನ್ನು ಅದೇ ಮೇಲಕ್ಕೆಳೆಯುತ್ತದೆ. ಎದೆಯ ಮೇಲಿನ ಡಬ್ಬಿಯಲ್ಲಿ ಹಗ್ಗ ಉರುಳೆಯ ಪಕ್ಕದಲ್ಲಿ ಹಾಯುವುದರಿಂದ ಮೈ ಹಿಂದಕ್ಕೆ ವಾಲುವುದಿಲ್ಲ. ಬಲಗಾಲು, ಎಡಗಾಲು, ಬಲಗಾಲು, ಎಡಗಾಲು, ಅಷ್ಟೇ. ಕೈಗೆ ಕೆಲಸವೇ ಇಲ್ಲ. ನನ್ನ ಊಹೆಯಲ್ಲಿ ಹಿಮ್ಮಡಿಯದು ಬಲಗಾಲಿಗೆ ಇದ್ದಿರಬೇಕು, ಹೆಚ್ಚಿನವರು ಹಾಗೆಯೇ ಕಟ್ಟುತ್ತಾರೆ.

ಹಂಟ್ಸ್‌ವಿಲ್ ಎಂದ ಕೂಡಲೇ ಇದಕ್ಕೆ ಕಾರಣವೂ ಸಿಕ್ಕಿತು. ಟೆನೆಸ್ಸಿ, ಅಲಬಾಮಾ, ಜಾರ್ಜಿಯಾ ಸೇರುವ ಆ ಸುಣ್ಣಕಲ್ಲಿನ ನಾಡಿನಲ್ಲಿ ನೆಟ್ಟಗೆ ಕೆಳಗಿಳಿಯುವ ಬಾವಿಗಳು ಹೇರಳ. ಜಾರ್ಜಿಯಾದ ಎಲಿಸನ್ಸ್ ಗುಹೆಯೊಳಗೆ ಫ್ಯಾಂಟಾಸ್ಟಿಕ್ ಪಿಟ್ ಎಂಬುದಿದೆ, 586 ಅಡಿ. ಅಲ್ಲಿನವರು ದಪ್ಪನೆಯ, ಬಿರುಸಾದ ಒಂದೇ ಹಗ್ಗವನ್ನು ಮೇಲಿನಿಂದ ತಳದವರೆಗೆ ಇಳಿಬಿಡುತ್ತಾರೆ. ನಡುವೆ ಎಲ್ಲಿಯೂ ಗೂಟವಿಲ್ಲ. ಗಿಬ್ಸನ್ನು ಹಗ್ಗಕ್ಕೆ ಹಾಕಬೇಕಾದರೆ ಪಿನ್ನು ಎಳೆದು, ಮೂರು ತುಂಡು ಮಾಡಿ, ಹಗ್ಗವನ್ನು ಒಳಗಿಟ್ಟು ಮತ್ತೆ ಜೋಡಿಸಬೇಕು. ರಗಳೆ ಹೌದು, ಆದರೆ ತಳದಲ್ಲಿ ಒಮ್ಮೆ ಜೋಡಿಸಿದರೆ ತುದಿಯವರೆಗೂ ಬಿಚ್ಚುವ ಪ್ರಸಂಗ ಬರುವುದಿಲ್ಲ. 1966ರ ಡಿಸೆಂಬರಿನಲ್ಲಿ ಅಮೆರಿಕನ್ನರು ಮೆಕ್ಸಿಕೋದ ಗೊಲೊಂಡ್ರಿನಾಸ್ ಬಾವಿಗೆ ಇಳಿದರು. ಅಲ್ಲಿ ಹಗ್ಗದಲ್ಲಿ ತೂಗುವ ದೂರವೇ 330 ಮೀಟರಿಗಿಂತ ಹೆಚ್ಚು. ಅಂಥ ಜಾಗದ ಕನಸು ಕಾಣುವವರಿಗೆ ಕಾಲಿನ ಬಲದಿಂದ ನಡೆದು ಹತ್ತುವ ಸಾಧನವೇ ಬೇಕು.

ಕ್ರೋಲ್ ಹುಟ್ಟಿದ್ದು ಬೇರೆ ನೆಲದಲ್ಲಿ. ಫ್ರಾನ್ಸಿನ ಗುಹೆಗಾರರು ತೆಳುವಾದ ಹಗ್ಗ ಬಳಸುವವರು. ಹಗ್ಗ ಬಂಡೆಗೆ ಉಜ್ಜಬಾರದೆಂದು ಅಲ್ಲಲ್ಲಿ ಬೋಲ್ಟ್ ಹೊಡೆದು ಅದನ್ನು ಮತ್ತೆ ಮತ್ತೆ ಕಟ್ಟುತ್ತಾರೆ. ಹತ್ತುವವನು ಪ್ರತಿ ಕಟ್ಟಿನ ಬಳಿಯೂ ನೇತಾಡುತ್ತಲೇ ಸಾಧನವನ್ನು ಬಿಚ್ಚಿ ಮೇಲಿನ ಹಗ್ಗಕ್ಕೆ ಹಾಕಬೇಕು. ಅಲ್ಲಿ ಪಿನ್ನು ಎಳೆಯುತ್ತ ಕುಳಿತರೆ ಮುಗಿಯಿತು ಕಥೆ! ಆದ್ದರಿಂದ ಹೆಬ್ಬೆರಳಿನಿಂದ ತೆರೆಯುವ, ಸ್ಪ್ರಿಂಗ್ ಇರುವ ಕ್ಯಾಮ್. ಎದೆಯಲ್ಲಿ ಕ್ರೋಲ್, ಅದರ ಮೇಲೆ ಕಾಲುಕುಣಿಕೆ ಕಟ್ಟಿದ ಕೈಹಿಡಿಕೆ. ಕುಳಿತು ಎದ್ದು, ಕುಳಿತು ಎದ್ದು ಹತ್ತುವುದು. ಅದಕ್ಕೆ ಕಪ್ಪೆ ಎಂದೇ ಹೆಸರಿಟ್ಟಿದ್ದಾರೆ. ಇಷ್ಟು ತಿಳಿದ ಮೇಲೆ "ಯಾವುದು ಅತ್ಯುತ್ತಮ" ಎಂಬ ಪ್ರಶ್ನೆಯನ್ನು ಯಾವ ಬಾವಿಗೆ, ಯಾವ ಹಗ್ಗಕ್ಕೆ ಎಂದು ಸೇರಿಸಿ ಕೇಳಿದರೆ ಮಾತ್ರ ನಾನು ಬಾಯಿ ಬಿಡುತ್ತೇನೆ.

ಇನ್ನು ಕ್ಯಾಮ್. ಜುಮಾರ್, ಕ್ರೋಲ್‌ನಂಥ ಹಲ್ಲಿನ ಸಾಧನಗಳಲ್ಲಿ ಸ್ಪ್ರಿಂಗ್ ನಮ್ಮನ್ನು ಹಿಡಿದಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಲ್ಲು ಹಗ್ಗಕ್ಕೆ ತಾಗಿಕೊಂಡಿರುವಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ತೂಕ ಬಿದ್ದಾಗ ಸಾಧನದ ಮೈ ಕೆಳಗೆ ಜಾರಲು ನೋಡುತ್ತದೆ, ಹಗ್ಗವನ್ನು ಕಚ್ಚಿದ ಹಲ್ಲು ಅಲ್ಲಿಯೇ ನಿಲ್ಲುತ್ತದೆ. ಆ ಎಳೆದಾಟದಲ್ಲಿ ಕ್ಯಾಮ್ ತಿರುಗಿ ಹಗ್ಗವನ್ನು ಎದುರಿನ ಗೋಡೆಗೆ ಒತ್ತುತ್ತದೆ. ಹಲ್ಲುಗಳು ಕೆಳಮುಖವಾಗಿ ವಾಲಿರುವುದರಿಂದ ಮೇಲಕ್ಕೆ ತಳ್ಳಿದರೆ ಸಲೀಸಾಗಿ ಹೋಗುತ್ತದೆ. ಗಿಬ್ಸ್‌ನಲ್ಲಿ ಚೂಪು ಹಲ್ಲೇ ಇಲ್ಲ, ಮೊಂಡು ಏಣುಗಳಿವೆ. ತೂಕ ಬೀಳುವುದು ನೇರವಾಗಿ ಕ್ಯಾಮಿನ ಬಾಲಕ್ಕೆ. ಅದು ಸನ್ನೆಗೋಲು; ಎಷ್ಟು ಭಾರ ಬಿದ್ದರೆ ಅಷ್ಟು ಬಿಗಿ. ಪಿನ್ನು ಹಾಕಿ ಬಾಲವನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಿ, ಗೊತ್ತಾಗುತ್ತದೆ.

ನಾನು ಹೋಲಿಸುವಾಗ ಮೊದಲು ನೋಡುವುದು ಮೈಯನ್ನು ಹೇಗೆ ತಯಾರಿಸಿದ್ದಾರೆ ಎಂಬುದನ್ನು. ಸ್ವಿಟ್ಜರ್ಲೆಂಡಿನಲ್ಲಿ ಯೂಸಿ, ಮಾರ್ಟಿ ಇಬ್ಬರೂ ಸೇರಿ 1958ರಲ್ಲಿ ಹೊರತಂದ ಜುಮಾರ್ ಎರಕದ್ದು. ಎರಕದ ಅಲ್ಯೂಮಿನಿಯಂ ಬಂಡೆಯ ಮೇಲೆ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ನಿಮ್ಮ ಮಾವ ಕೆಳತುದಿಯ ತೂತನ್ನು ನಂಬದೆ ಪಟ್ಟಿಯನ್ನು ಚೌಕಟ್ಟಿಗೇ ಸುತ್ತಿದ್ದು ಅದಕ್ಕೇ. ಆ ಕಾಲದ ಎಚ್ಚರದ ಗುಹೆಗಾರನ ಗುರುತು ಅದು, ಹಾಗೆಯೇ ಉಳಿಸಿಕೊಳ್ಳಿ. ಮುಂದೆ ಅಮೆರಿಕದ ಸಿಎಂಐ ಕಂಪನಿ ಕಿಟಕಿ ಚೌಕಟ್ಟು ತೆಗೆಯುವ ಹಾಗೆ ಅಚ್ಚಿನ ಮೂಲಕ ಹಿಂಡಿ ತೆಗೆದ ಅಲ್ಯೂಮಿನಿಯಂನಲ್ಲಿ ಮಾಡಿತು. ಪೆಟ್ಜಲ್‌ನವರು ದಪ್ಪ ತಗಡನ್ನು ಕತ್ತರಿಸಿ ಬಾಗಿಸಿದರು. ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ಜುಮಾರ್‌ಗಳು ಈ ಬಾಗಿಸಿದ ತಗಡಿನ ಸಂತತಿಯೇ. ಬಣ್ಣ ಒಂದೊಂದು, ಒಳಗೆ ಎಲ್ಲವೂ ಅಣ್ಣತಮ್ಮಂದಿರು. ಅವುಗಳನ್ನು ಕೊಳ್ಳಲು ನಾನು ಕೈ ಬಿಚ್ಚುವುದಿಲ್ಲ.

ಒಂದೊಂದಕ್ಕೂ ಒಂದು ಕಾರ್ಡ್ ಬರೆಯಿರಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ, ಮೈಮೇಲೆ ಕೊರೆದ ಅಕ್ಷರವೆಲ್ಲ, ಹಲ್ಲಿನ ಸಾಲುಗಳು, ಯಾವ ಕೈಯದು, ಯಾವ ದಪ್ಪದ ಹಗ್ಗಕ್ಕೆ. ಆಮೇಲೆ ತೊಲೆಗೆ 11 ಮಿಲಿಮೀಟರ್ ಹಗ್ಗ ಇಳಿಬಿಟ್ಟು, ನೆಲದಿಂದ ಒಂದಡಿ ಎತ್ತರದಲ್ಲಿ ಕಾಲಿಟ್ಟು ನಿಂತು, ಹಿಡಿಯುವ ಮೊದಲು ಎಷ್ಟು ಜಾರುತ್ತದೆ ಎಂದು ಸೀಮೆಸುಣ್ಣದ ಗುರುತಿನಿಂದ ಅಳೆಯಿರಿ. ಪ್ರತಿ ಹೆಜ್ಜೆಗೆ ಕಳೆದುಕೊಳ್ಳುವ ಎತ್ತರ ಅದು. ಉದ್ದದ ಹಗ್ಗದಲ್ಲಿ ಅದು ಕೂಡುತ್ತ ಹೋಗುತ್ತದೆ. ಕ್ಯಾಟಲಾಗಿನಲ್ಲಿ ಗ್ರಾಂ ಲೆಕ್ಕ ಓದಿ ಜಗಳವಾಡುವವರು ಇದನ್ನು ಅಳೆಯುವುದೇ ಇಲ್ಲ.

ಮತ್ತೊಂದು, ಸಂಗ್ರಹಕ್ಕೆ 6 ಮಿಲಿಮೀಟರ್ ಹುರಿಯ ಒಂದು ಕುಣಿಕೆಯನ್ನೂ ಸೇರಿಸಿ. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟ ಗಂಟು. ಲೋಹದ ಸಾಧನಗಳೆಲ್ಲ ಅದನ್ನು ಮೀರಿಸಲು ಹೊರಟವು. ಅದನ್ನು ಪಕ್ಕದಲ್ಲಿಡದೆ ಹೋಲಿಕೆ ಪೂರ್ತಿಯಾಗುವುದಿಲ್ಲ.

ಗಾಜಿನ ಗೋಡೆ ಉತ್ತರ:

ಫಿಟ್ಟರ್ ರಾಯರ ವಿವರಣೆಗೆ ಕೈ ಮುಗಿದೆ. ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಎರಕದ ಜುಮಾರ್ ಮೇಲೆ ಒಂದಡಿ ಎತ್ತರದಲ್ಲಿಯೂ ಮನುಷ್ಯರು ನಿಲ್ಲುವುದು ಬೇಡ. ಮರಳಿನ ಚೀಲ ತೂಗಿಬಿಡಿ, ಅಳತೆ ಅದರಲ್ಲಿಯೂ ಸಿಗುತ್ತದೆ. ಮುರಿದರೆ ಕಾಲು ಉಳಿದೀತು, ಆದರೆ ಜೋಡಿ ಒಡೆದುಹೋಗುತ್ತದೆ.

ನಾನು ಬಹುಮಹಡಿ ಕಟ್ಟಡಗಳ ಗಾಜು ತೊಳೆಯುವ, ಸೋರಿಕೆ ಸರಿಪಡಿಸುವ ಕೆಲಸದವನು. ದಿನವಿಡೀ ಹಗ್ಗದಲ್ಲಿಯೇ ಇರುತ್ತೇನೆ. ಹೋಲಿಕೆ ಎಂದರೆ ನನಗೆ ಒಂದೇ: ಹದ ಮೀರಿ ಭಾರ ಬಿದ್ದಾಗ ಸಾಧನ ಏನು ಮಾಡುತ್ತದೆ? ಹಲ್ಲಿನ ಕ್ಯಾಮ್ ಜಾರುವುದಿಲ್ಲ, ಹಗ್ಗದ ಹೊರ ಹೆಣಿಗೆಯನ್ನು ಸೀಳುತ್ತದೆ. ಸಾಮಾನ್ಯವಾಗಿ 4ರಿಂದ 6 ಕಿಲೋನ್ಯೂಟನ್ ಆಸುಪಾಸಿನಲ್ಲಿ ಹರಿಯಲಾರಂಭಿಸುತ್ತದೆ. ಹಗ್ಗ ತೆಳುವಾದಷ್ಟೂ, ಹಳತಾದಷ್ಟೂ ಬೇಗ. ಯುರೋಪಿನ ಇಎನ್ 567 ಮಾನದಂಡ ಕೇಳುವುದೂ 4 ಕಿಲೋನ್ಯೂಟನ್ ತಡೆಯಬೇಕೆಂದಷ್ಟೇ. ಸುಮಾರು 400 ಕಿಲೋ ತೂಕ ಎಂದುಕೊಳ್ಳಿ. ನಿಧಾನವಾಗಿ ತೂಗಿದರೆ ಅದು ಧಾರಾಳ. ಆದರೆ ಹಿಗ್ಗದ ಹಗ್ಗದಲ್ಲಿ ಸಡಿಲ ಬಿಟ್ಟುಕೊಂಡು ದೊಪ್ಪನೆ ಬಿದ್ದರೆ ಆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಡ. ರಕ್ಷಣಾ ಕಾರ್ಯದಲ್ಲಿ ಭಾರ ಎಳೆಯುವವರು ಹಲ್ಲಿಲ್ಲದ, ಗಿಬ್ಸ್ ಜಾತಿಯ ಹಿಡಿತಗಳನ್ನು ಮೆಚ್ಚುವುದು ಈ ಕಾರಣಕ್ಕೇ.

ಆದ್ದರಿಂದ ಬಂಡೆಹುಳು ಅವರೇ, ಸಾವನದುರ್ಗಕ್ಕೆ ಇವು ಯಾವುದೂ ಬೇಡ. ಕ್ರೋಲ್‌ನ ಗೀರು ಉಗುರು ಇಳಿಯುವಷ್ಟಿದ್ದರೆ ಅದರ ಆಯುಸ್ಸು ಮುಗಿದಿದೆ. ಪಟ್ಟಿ, ಹುರಿಗಳನ್ನಂತೂ ಅಲಂಕಾರವೆಂದೇ ಎಣಿಸಿ. ಹೊಸದನ್ನು ಕೊಂಡರೂ ಜುಮಾರ್ ಒಂದನ್ನೇ ನಂಬಿ ಹತ್ತಬೇಡಿ. ನಮ್ಮ ಕೆಲಸದಲ್ಲಿ ಎರಡನೆಯ ಹಗ್ಗ, ಅದರ ಮೇಲೆ ಬೇರೆಯೇ ತಡೆ ಇಲ್ಲದೆ ಅಂಚು ದಾಟಲು ಬಿಡುವುದಿಲ್ಲ. ಓರೆಯಾದ ಹಗ್ಗದಲ್ಲಿ ಕ್ಯಾಮ್ ತಿರುಚಿಕೊಂಡು ಹಗ್ಗದಿಂದ ಕಳಚುವುದೂ ಉಂಟು. ಮೇಲ್ತುದಿಯ ತೂತಿನಲ್ಲಿ ಹಗ್ಗವನ್ನು ಸೇರಿಸಿ ಒಂದು ಕ್ಯಾರಬೀನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕಿ.

ಕೆಸರುಗಾಲ ಉತ್ತರ:

ಕೆಸರಿನ ಬಗ್ಗೆ ಯಾರೂ ಮಾತೆತ್ತಲಿಲ್ಲವಲ್ಲ! ನಾನು ಮೇಘಾಲಯದ ಜೈಂತಿಯಾ ಬೆಟ್ಟಗಳ ಗುಹೆಗಳಿಗೆ ಹೋಗಿ ಬರುವವನು. ಅಲ್ಲಿ ಹೆಚ್ಚಿನವು ನೀರಿನ ಹಾದಿ ಹಿಡಿದು ಅಡ್ಡಲಾಗಿ ಸಾಗುವ ಗುಹೆಗಳು. ಕ್ರೆಮ್ ಲಿಯತ್ ಪ್ರಾ 30 ಕಿಲೋಮೀಟರಿಗಿಂತ ಉದ್ದ. ಆದರೂ ಒಳಗಿಳಿಯಲು ಹಗ್ಗ ಬೇಕಾಗುವ ಬಾವಿಗಳೂ ಇವೆ. ವಾಪಸ್ ಹತ್ತುವ ಹೊತ್ತಿಗೆ ಹಗ್ಗ, ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು), ಕೈ ಎಲ್ಲವೂ ಜೇಡಿಯೇ. ಜೇಡಿ ಹಲ್ಲುಗಳ ಸಂದಿನಲ್ಲಿ ತುಂಬಿ ಗಟ್ಟಿಯಾದರೆ ಕ್ಯಾಮ್ ನುಣ್ಣಗಾಗಿಬಿಡುತ್ತದೆ. ತೂಕ ಹಾಕುತ್ತೀರಿ, ಅದು ಮೆಲ್ಲನೆ ಜಾರುತ್ತದೆ. ಕೊರಳಿಗೆ ದಾರದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಕಟ್ಟಿಕೊಂಡು ಹೋಗುತ್ತೇನೆ. ನಾಲ್ಕು ಸಲ ಕೆಳಮುಖವಾಗಿ ಉಜ್ಜಿದರೆ ಮತ್ತೆ ಕಚ್ಚುತ್ತದೆ. ಈಗಿನ ಕ್ಯಾಮ್‌ಗಳ ನಡುವೆ ಉದ್ದಕ್ಕೆ ಸೀಳು ಬಿಟ್ಟಿರುವುದು ಕೆಸರು ಹೊರಬೀಳಲೆಂದೇ.

ನಿಮ್ಮ ಕ್ರೋಲ್‌ನ ಗೀರಿಗೂ ಕಾರಣ ಅದೇ. ಮರಳು ಮೆತ್ತಿದ ಹಗ್ಗ ಅಲ್ಯೂಮಿನಿಯಂ ಅನ್ನು ಅರದ ಹಾಗೆ ತಿನ್ನುತ್ತದೆ. ಹೊಸ ಕ್ರೋಲ್‌ನಲ್ಲಿ ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಕೂರಿಸಿದ್ದಾರೆ. ಹಳತು, ಹೊಸತು ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮ ಸಂಗ್ರಹಕ್ಕೆ ಕಳೆ ಬರುತ್ತದೆ.

ಬಂಡೆಹುಳು ಉತ್ತರ:

ಎಲ್ಲರಿಗೂ ಧನ್ಯವಾದ. ಸೀಮೆಎಣ್ಣೆ ಒಳಗೆ ಹೋಯಿತು. ಮರಳಿನ ಚೀಲಕ್ಕೆ ತೊಲೆ ಗೊತ್ತುಮಾಡಿದ್ದೇನೆ. ಫಿಟ್ಟರ್ ಅವರ ಉತ್ತರವನ್ನು ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, "ಹಿಮ್ಮಡಿಯದು ಎಡಗಾಲು" ಎಂದರು. ಬಲ ಮಂಡಿ ಆಗಲೇ ನೋಯುತ್ತಿತ್ತಂತೆ. ಆಮೇಲೆ ಅರ್ಧ ಗಂಟೆ ಫ್ಯಾಂಟಾಸ್ಟಿಕ್ ಪಿಟ್‌ನ ಮಾತೇ ಮಾತು. ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಒಂದು ಸಂದೇಹ: ಗಿಬ್ಸ್‌ಗಳ ಪೈಕಿ ಒಂದರ ಪಿನ್ನು ಸಲೀಸಾಗಿ ಹೊರಬರುತ್ತದೆ, ಇನ್ನೊಂದರದು ಗುಂಡಿ ಒತ್ತಿದರೂ ಅಲುಗುವುದಿಲ್ಲ. ಬಲವಂತ ಮಾಡಲೇ?

ಹಳೆಯ ಫಿಟ್ಟರ್ ಉತ್ತರ:

ಎಡಗಾಲು! ಕಾರ್ಡಿನಲ್ಲಿ ಅದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ, ಕಾರಣದ ಸಮೇತ.

ಬಲವಂತ ಬೇಡ, ಇಕ್ಕಳವಂತೂ ಬೇಡವೇ ಬೇಡ. ಆ ಪಿನ್ನಿನ ತುದಿಯಲ್ಲಿ ಸಣ್ಣ ಗುಂಡುಗಳಿರುತ್ತವೆ; ಗುಂಡಿ ಒತ್ತಿದಾಗ ಅವು ಒಳಕ್ಕೆ ಸರಿದರೆ ಮಾತ್ರ ಪಿನ್ನು ಹೊರಬರುತ್ತದೆ. ಮಣ್ಣು ಕೂತು ಗುಂಡು ಸಿಕ್ಕಿಕೊಂಡಿರಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಲೋಹದ ಭಾಗವನ್ನಷ್ಟೇ ರಾತ್ರಿಯಿಡೀ ನೆನೆಹಾಕಿ, ರಬ್ಬರ್ ಹುರಿ ಇರುವುದಾದರೆ ಅದು ನೀರಿನ ಹೊರಗಿರಲಿ. ಬೆಳಿಗ್ಗೆ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿ. ಸಡಿಲವಾದ ಮೇಲೆ ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಕ್ಯಾಮಿನ ಮುಖಕ್ಕೆ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಎರಡೂ ಪಿನ್ನುಗಳ ಫೋಟೋ ಹಾಕಿ, ಪಕ್ಕದಲ್ಲಿ ಸ್ಕೇಲ್ ಇರಲಿ. ನನ್ನ ಬೀರುವಿನಲ್ಲಿರುವ ಗಿಬ್ಸ್‌ಗೆ ಮೂಲ ಪಿನ್ನಿಲ್ಲ, ಲೇತ್‌ನಲ್ಲಿ ಹೊಸದು ತಿರುಗಿಸಬೇಕಾಗಿದೆ.