ಪದಚರ್ಚೆ: ಇಟ್ಟಿಗೆಯ ಬಾರ್ಬೆಕ್ಯೂ ಪಿಟ್‌ಗೆ ‘ಕೆಂಡದೊಲೆ’ ಆದೀತೇ?

ಗೆಳೆಯರೇ,

ಹಿತ್ತಲಲ್ಲಿ ಇಟ್ಟಿಗೆಯಿಂದ ಬಾರ್ಬೆಕ್ಯೂ ಪಿಟ್, ಅಂದರೆ ಕೆಂಡದ ಮೇಲೆ ಮಾಂಸ ಸುಡುವ ಜಾಗ, ಕಟ್ಟುವುದು ಹೇಗೆ ಅಂತ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು. ಈ ‘ಪಿಟ್’ಗೆ ಏನನ್ನೋಣ?

ಗುಂಡಿ ಅಂದರೆ ನೆಲ ಅಗೆದದ್ದು. ಇದನ್ನು ನೆಲದ ಮೇಲೆ ಮೂರು ಕಡೆ ಗೋಡೆ ಎಬ್ಬಿಸಿ, ಮುಂದೆ ಬಾಯಿ ಬಿಟ್ಟು ಕಟ್ಟುತ್ತಾರೆ. ಸ್ನೇಹಿತರೊಬ್ಬರು ‘ಸುಡುಗೂಡು’ ಅಂದರು. ಕೇಳಿದ ಕೂಡಲೇ ಸುಡುಗಾಡು ನೆನಪಾಗುತ್ತದೆ, ಅಡುಗೆಯ ಜಾಗಕ್ಕೆ ಬೇಡ. ‘ಅಗ್ಗಿಷ್ಟಿಕೆ’ ಹತ್ತಿರದ್ದು. ಅದರೊಳಗೆ ‘ಇಷ್ಟಿಕೆ’, ಅಂದರೆ ಇಟ್ಟಿಗೆ, ಅಡಗಿದೆ ಅನ್ನಿಸಬಹುದು. ಆದರೆ ಅದರ ಮೂಲ ಸಂಸ್ಕೃತದ ‘ಅಗ್ನಿಷ್ಠಿಕಾ’, ಬೆಂಕಿ ಹಾಕಿಡುವ ಪಾತ್ರೆ. ಮೈ ಕಾಯಿಸಿಕೊಳ್ಳಲು ಎತ್ತಿ ಇಟ್ಟುಕೊಳ್ಳುವಂಥದ್ದು, ಕಟ್ಟಿದ್ದಲ್ಲ.

‘ಬಾರ್ಬೆಕ್ಯೂ’ ಕೂಡ ಮೊದಲು ಅಡುಗೆಯ ಹೆಸರಲ್ಲ. ಕೆರಿಬಿಯನ್ ದ್ವೀಪಗಳ ಟೈನೊ ಜನರಿಂದ ಸ್ಪ್ಯಾನಿಷ್‌ಗೆ ‘ಬಾರ್ಬಕೋವಾ’ ಆಗಿ ಬಂತು. ಕಂಬಗಳ ಮೇಲೆ ನಿಲ್ಲಿಸಿದ ಕೋಲಿನ ಅಟ್ಟಣೆ ಅಂತ ಅರ್ಥ. 1697ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಆ ಹೆಸರಿನ, ನೆಲದಿಂದ 3 ಅಡಿ ಎತ್ತರದ ಅಟ್ಟಣೆಯ ಮೇಲೆ ರಾತ್ರಿ ಮಲಗಿದ್ದನ್ನು ಬರೆದಿದ್ದಾನೆ! ಅಂದರೆ ‘ಬಾರ್ಬೆಕ್ಯೂ’ ಮೇಲಿನ ಅಟ್ಟಣೆಯ ಹೆಸರು, ‘ಪಿಟ್’ ಕೆಳಗಿನ ಗುಂಡಿಯ ಹೆಸರು. ನಡುವೆ ಇದ್ದು ಕೆಲಸ ಮಾಡೋದು ಕೆಂಡ. ಅದಕ್ಕೇ ನನ್ನ ಮನಸ್ಸು ‘ಕೆಂಡದೊಲೆ’ ಕಡೆ ವಾಲುತ್ತಿದೆ.

ಒಲೆಯಲ್ಲಿ ಉರಿ ಬೇಕು, ಇಲ್ಲಿ ಉರಿ ಇಳಿಯುವ ತನಕ ಕಾಯಬೇಕು. ಇದ್ದಿಲ ಮೇಲೆ ತೆಳ್ಳಗೆ ಬಿಳಿ ಬೂದಿ ಕೂತು, ಒಳಗಿಂದ ಕೆಂಪು ಕಾಣಿಸಿದಾಗ ಹದ. ಅದಕ್ಕೆ ಮುಂಚೆ ಮಾಂಸ ಇಟ್ಟರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ.

ಶಾಖಕ್ಕೆ ಮಾತ್ರ ನಮ್ಮಲ್ಲಿ ಒಳ್ಳೆಯ ಜೋಡಿ ಇದೆ, ಅಲ್ವಾ? ಕೆಂಡದ ನೇರ ಮೇಲೆ ಮುಖಕ್ಕೆ ಹೊಡೆಯೋದು ಝಳ. ಕೆಂಡವನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಮಾಂಸ ಇಟ್ಟು ಮುಚ್ಚಿದರೆ ಸಿಗೋದು ಕಾವು, ಕೋಳಿ ಮೊಟ್ಟೆಗೆ ಕೊಡೋ ಅದೇ ಕಾವು. ‘ಝಳದಲ್ಲಿ ಸುಡು’, ‘ಕಾವಿನಲ್ಲಿ ಬೇಯಿಸು’ ಅಂತ ಬರೆದರೆ ವಿವರಣೆಯೇ ಬೇಡ.

ಮಾಂಸ ಇಡಲು ಕೆಂಡದ ಮೇಲೆ ಕೂರಿಸುವ ಕಬ್ಬಿಣದ ಸರಳುಗಳ ಚೌಕಟ್ಟಿಗೆ ‘ಜಾಲರಿ’ ಅನ್ನಲು ಹಿಂಜರಿಯುತ್ತಿದ್ದೇನೆ. ಓದಿದವರು ಸತು ಲೇಪಿಸಿದ ಬೇಲಿ ಜಾಲರಿ ತಂದುಬಿಟ್ಟಾರು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಜಾಸ್ತಿ ಕಾದರೆ ಅದರ ಹೊಗೆ ಮೈಗೆ ಕೆಟ್ಟದ್ದು. ‘ಸರಳಿನ ತಟ್ಟೆ’ ಆಗಬಹುದೇ?

ಇನ್ನೊಂದು. ಆ ತಟ್ಟೆ ಕೂರಲು ಎದುರುಬದುರು ಗೋಡೆಗಳಲ್ಲಿ ಒಂದು ಸಾಲಿನ ಕೆಲವು ಇಟ್ಟಿಗೆಗಳನ್ನು ಅಡ್ಡ ತಿರುಗಿಸಿ, ತುದಿ ಒಳಕ್ಕೆ ಚಾಚುವಂತೆ ಇಡುತ್ತಾರೆ. ಎರಡು ಮೂರು ಎತ್ತರದಲ್ಲಿ ಹಾಗೆ ಬಿಟ್ಟರೆ ತಟ್ಟೆ ಏರಿಸಿ ಇಳಿಸಿ ಶಾಖ ಹೊಂದಿಸಬಹುದು. ಹಾಗೆ ಚಾಚಿದ ಇಟ್ಟಿಗೆಗೆ ಗಾರೆ ಕೆಲಸದವರ ಬಾಯಲ್ಲಿ ಇರುವ ಹೆಸರೇನು? ಕೇಳಿದವರು ದಯವಿಟ್ಟು ತಿಳಿಸಿ.