ಸಿಂಗಲ್ ಸ್ಟೇಜ್‌ಗೂ ಪ್ರೋಗ್ರೆಸಿವ್‌ಗೂ ಒಂದೇ ಡೈ ಸೆಟ್ ಸಾಕಾ?

ಆಸ್ಟಿನ್ ಹುಡುಗ:
ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ. ಎರಡು ವರ್ಷದಿಂದ ಗ್ಯಾರೇಜಿನಲ್ಲಿ ಆರ್‌ಸಿಬಿಎಸ್ ರಾಕ್ ಚಕರ್ (ಒಂದು ಸಲಕ್ಕೆ ಒಂದೇ ಡೈ ಹಾಕುವ ಸಿಂಗಲ್ ಸ್ಟೇಜ್ ಪ್ರೆಸ್) ಇಟ್ಟುಕೊಂಡು 9 ಎಂಎಂ ಪಿಸ್ತೂಲ್ ಮತ್ತು .308 ರೈಫಲ್ ತೋಟಾ ರೀಲೋಡ್ ಮಾಡುತ್ತಿದ್ದೇನೆ, ಅಂದರೆ ಹೊಡೆದ ಖಾಲಿ ತೋಟಾಗೆ ಮತ್ತೆ ಮದ್ದು, ಗುಂಡು ತುಂಬುತ್ತಿದ್ದೇನೆ. ಈಗ ವಾರವಾರ ರೇಂಜಿಗೆ ಹೋಗುವುದರಿಂದ 9 ಎಂಎಂ ಎಷ್ಟು ಮಾಡಿದರೂ ಸಾಲುತ್ತಿಲ್ಲ. ಒಂದು ತೋಟಾಗೆ ಮೂರು ಸಲ ಹಿಡಿ ಎಳೆಯಬೇಕು, ನಡುವೆ ಕೇಪು ಕೂರಿಸಬೇಕು, ಮದ್ದು ಹಾಕಬೇಕು. ಹಾಗಾಗಿ ಡಿಲ್ಲನ್ ಎಕ್ಸ್‌ಎಲ್ 750 ತಗೊಂಡೆ. ಇದು ಪ್ರೋಗ್ರೆಸಿವ್, ಒಂದು ಸಲ ಹಿಡಿ ಎಳೆದರೆ ಎಲ್ಲ ಡೈಗಳೂ ಒಟ್ಟಿಗೆ ಕೆಲಸ ಮಾಡುತ್ತವೆ. ಹಳೇ ಮೆಷಿನ್ನಿನ ಡೈಗಳನ್ನೇ (ತೋಟಾಗೆ ಆಕಾರ ಕೊಡುವ, ಗುಂಡು ಕೂರಿಸುವ ಅಚ್ಚುಗಳು) ಇದಕ್ಕೆ ಹಾಕಿ, ಬೇಕಾದಾಗ ವಾಪಸ್ ಅದಕ್ಕೆ ಹಾಕಬಹುದಾ? ಲಾಕ್ ರಿಂಗ್ (ಡೈ ಅಲುಗದಂತೆ ಹಿಡಿಯುವ ಬಳೆ) ಬಿಗಿ ಮಾಡಿಟ್ಟರೆ ಸೆಟ್ಟಿಂಗ್ ಹಾಗೇ ಉಳಿಯುತ್ತಾ?

ಕಡೂರು ಕೋವಿ:
ಡೈ ಕೂರುತ್ತೆ, ಸೆಟ್ಟಿಂಗ್ ಉಳಿಯಲ್ಲ. ಎರಡೂ ಬೇರೆ ವಿಷಯ.

ಥ್ರೆಡ್ ಹೆಚ್ಚುಕಮ್ಮಿ ಎಲ್ಲ ಕಂಪನಿಯದ್ದೂ ಒಂದೇ: 7/8 ಇಂಚು, ಇಂಚಿಗೆ 14 ಸುತ್ತು. ಡಿಲ್ಲನ್‌ನ ಸ್ಕ್ವೇರ್ ಡೀಲ್ ಬಿ ಮಾತ್ರ ಬೇರೆ, ಅದಕ್ಕೆ ಅದರದ್ದೇ ಡೈ ಬೇಕು. ನಿಮ್ಮ 750ಕ್ಕೆ ಆ ಚಿಂತೆ ಇಲ್ಲ.

ಆದರೆ ರಾಕ್ ಚಕರ್‌ನಲ್ಲಿ ಖಾಲಿ ತೋಟಾ ಒಂಟಿಯಾಗಿ ಶೆಲ್ ಹೋಲ್ಡರ್‌ನಲ್ಲಿ ಕೂತಿರುತ್ತೆ, ಡಿಲ್ಲನ್‌ನಲ್ಲಿ ಹಲವು ತೋಟಾ ಹಿಡಿದು ತಿರುಗುವ ಶೆಲ್ ಪ್ಲೇಟ್ ಮೇಲೆ. ಎತ್ತರ ಒಂದೇ ಇರಲ್ಲ. ಡೈಗಳನ್ನು ಕೂರಿಸುವ ಟೂಲ್‌ಹೆಡ್ ದಪ್ಪವೂ ಬೇರೆ. ಲಾಕ್ ರಿಂಗ್ ಎಷ್ಟೇ ಬಿಗಿಯಾಗಿದ್ದರೂ ಅದು ನೆನಪಿಟ್ಟುಕೊಂಡಿರುವುದು ಹಳೇ ಮೆಷಿನ್ನಿನ ಅಳತೆಯನ್ನು ಮಾತ್ರ. ಗಿಡ್ಡ ಡೈ ಆಗಿದ್ದರೆ, ಲೀ ಡೈ ಥರ, ದಪ್ಪ ಟೂಲ್‌ಹೆಡ್‌ನಲ್ಲಿ ರಿಂಗ್ ಹಿಡಿಯುವಷ್ಟು ಥ್ರೆಡ್ ಮೇಲೆ ಬರಲ್ಲ, ತೆಳು ರಿಂಗ್ ಹಾಕಿಕೊಳ್ಳಿ.

ಸೆಟ್‌ನಲ್ಲಿರುವ, ತೋಟಾದ ಬಾಯಿ ಅಗಲಿಸುವ ಡೈ ಡಿಲ್ಲನ್‌ನಲ್ಲಿ ಬೇಡ. ಮದ್ದು ಬೀಳುವ ಫನಲ್ಲೇ ಆ ಕೆಲಸ ಮಾಡುತ್ತೆ. ಸೈಜಿಂಗ್ ಡೈಯ (ಹಿಗ್ಗಿದ ತೋಟಾವನ್ನು ಮತ್ತೆ ಅಳತೆಗೆ ತರುವ ಡೈ) ಬಾಯಿ ಮಾತ್ರ ನೋಡಿಕೊಳ್ಳಿ. ಪ್ರೋಗ್ರೆಸಿವ್‌ಗೆ ಅಂತ ಮಾಡಿದ ಡೈಯ ಬಾಯಿ ಅಗಲವಾಗಿರುತ್ತೆ. ಸಿಂಗಲ್ ಸ್ಟೇಜ್‌ನಲ್ಲಿ ತೋಟಾ ಓರೆಯಾದರೆ ಬೆರಳಲ್ಲಿ ಸರಿ ಮಾಡುತ್ತೀರಿ. ಪ್ಲೇಟ್ ಮೇಲೆ ಆ ಅವಕಾಶ ಇಲ್ಲ, ಅಂಚು ತಗುಲಿ ಹಿತ್ತಾಳೆ ನಜ್ಜುಗುಜ್ಜಾಗುತ್ತೆ.

ಹೂಸ್ಟನ್ ಭಟ್ರು:
ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಗುಂಡು ಕೂರಿಸುವ ಡೈಯನ್ನು ರಿಂಗ್ ಸಮೇತ ಬಿಚ್ಚಿ ಪ್ರೋಗ್ರೆಸಿವ್‌ಗೆ ಹಾಕಿ, ಅಳೆಯದೆ ನೂರಿಪ್ಪತ್ತು 9 ಎಂಎಂ ಮಾಡಿಬಿಟ್ಟೆ. ಆಮೇಲೆ ಕ್ಯಾಲಿಪರ್ ಹಿಡಿದರೆ ತೋಟಾದ ಒಟ್ಟು ಉದ್ದ 1.130 ಇಂಚು ಇರಬೇಕಾದ್ದು 1.105. 9 ಎಂಎಂ ಒಳಗೆ ಜಾಗವೇ ಕಡಿಮೆ. ಗುಂಡು ಇಷ್ಟು ಒಳಗೆ ಹೋದರೆ ಪ್ರೆಶರ್ ಎಲ್ಲಿಗೆ ಏರುತ್ತೋ ಹೇಳೋಕಾಗಲ್ಲ. ಒಂದನ್ನೂ ಹೊಡೆಯಲಿಲ್ಲ. ಸಂಜೆಯೆಲ್ಲ ಕೂತು, ತೋಟಾ ಒಳಗಿಟ್ಟು ಕುಟ್ಟುವ ಸುತ್ತಿಗೆಯಂಥ ಪುಲ್ಲರ್‌ನಲ್ಲಿ ಒಂದೊಂದೇ ಗುಂಡು ತೆಗೆದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಒಂದೇ ಒಂದು ತೋಟಾ ಹಾಕಿ ಸೆಟ್ ಮಾಡಬೇಡಿ. ಎಲ್ಲ ಸ್ಟೇಷನ್ನಲ್ಲೂ ತೋಟಾ ಇದ್ದಾಗ ಟೂಲ್‌ಹೆಡ್ ಒಂಚೂರು ಮೇಲೆ ಎತ್ತುತ್ತೆ. ಕೈಗೆ ಗೊತ್ತಾಗಲ್ಲ, ಕ್ಯಾಲಿಪರ್‌ಗೆ ಗೊತ್ತಾಗುತ್ತೆ. ಪ್ಲೇಟ್ ತುಂಬಿಸಿ, ಆಗ ಬಂದ ಉದ್ದ ನೋಡಿ ರಿಂಗ್ ಬಿಗಿ ಮಾಡಿ. ಮೊದಲ ಹತ್ತನ್ನೂ ಅಳೆಯಿರಿ.

ಶಿವಮೊಗ್ಗ 308:
ಭಟ್ರು ಹೇಳಿದ್ದು ಸರಿ. .308 ಅನ್ನಂತೂ ರಾಕ್ ಚಕರ್‌ನಿಂದ ಎಬ್ಬಿಸಲೇ ಬೇಡಿ. ಅಲ್ಲಿ ತೋಟಾದ ಭುಜವನ್ನು (ಕುತ್ತಿಗೆಯ ಕೆಳಗಿನ ಇಳಿಜಾರು) ಇಂಚಿನ ಸಾವಿರದಲ್ಲಿ ಎರಡು ಪಾಲಷ್ಟು ಹಿಂದೆ ತಳ್ಳಿದರೆ ಸಾಕು. ಕಡಿಮೆಯಾದರೆ ರೈಫಲ್ಲಿನ ಬೋಲ್ಟ್ ಮುಚ್ಚಲ್ಲ. ಜಾಸ್ತಿ ತಳ್ಳಿ ಅದೇ ಹಿತ್ತಾಳೆಯನ್ನು ಮತ್ತೆ ಮತ್ತೆ ಬಳಸಿದರೆ ಬುಡದ ಹತ್ತಿರ ಸೀಳುತ್ತೆ.

ಎರಡೂ ಮೆಷಿನ್ ಹಾರ್ನಡಿ ಆಗಿದ್ದರೆ ಕಥೆ ಬೇರೆ. ಡೈಗೆ ಸುತ್ತ ಹಾಕುವ ಅವರ ಲಾಕ್-ಎನ್-ಲೋಡ್ ಬುಷಿಂಗ್ ಎರಡಕ್ಕೂ ಒಂದೇ, ಅರ್ಧ ತಿರುವಿಗಿಂತ ಕಡಿಮೆಯಲ್ಲಿ ಡೈ ಹೊರಗೆ ಬರುತ್ತೆ. ಆದರೂ ಅಳೆಯುವುದು ತಪ್ಪಲ್ಲ. ನಿಮಗೆ ಡಿಲ್ಲನ್ ಇರೋದರಿಂದ 9 ಎಂಎಂ ಡೈಗಳನ್ನು ಟೂಲ್‌ಹೆಡ್‌ನಲ್ಲೇ ಖಾಯಂ ಬಿಡಿ. ದಿನಾ ಬಿಚ್ಚಿ ಹಾಕುವ ಸಮಯಕ್ಕೆ ಹೋಲಿಸಿದರೆ ಇನ್ನೊಂದು ಸೆಟ್ ದುಬಾರಿ ಅಲ್ಲ.

ಆಸ್ಟಿನ್ ಹುಡುಗ:
ತುಂಬಾ ಥ್ಯಾಂಕ್ಸ್. ಭಟ್ರೇ, ನೀವು ಹೇಳಿದ ಮೇಲೆ ಪ್ಲೇಟ್ ತುಂಬಿಸಿ ನೋಡಿದೆ. ಒಂಟಿ ತೋಟಾಗೂ ತುಂಬಿದ ಪ್ಲೇಟಿಗೂ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು ವ್ಯತ್ಯಾಸ ಬಂತು! 9 ಎಂಎಂ ಡೈಗಳು ಇನ್ನು ಡಿಲ್ಲನ್‌ನಲ್ಲೇ. ಪರೀಕ್ಷೆಗೆ ಹತ್ತು ಹದಿನೈದು ಮಾಡೋಕೆ ರಾಕ್ ಚಕರ್‌ಗೆ ಬೇರೆ ಸೆಟ್ ಆರ್ಡರ್ ಮಾಡಿದ್ದೇನೆ.