ಸಹಾಯ ಬೇಕು: ಸೇವಂತಿಗೆಗೆ ಕಾಂಪೋಸ್ಟ್ ಮತ್ತು ಜೈವಿಕ ಗೊಬ್ಬರ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಬಳಿ ನಮ್ಮ 10 ಗುಂಟೆ ಕೆಂಪು ಮಣ್ಣಿನ ಹೊಲದಲ್ಲಿ ಸೇವಂತಿಗೆ ನಾಟಿ ಮಾಡಿ 25 ದಿನಗಳಾಗಿದ್ದು, ಈ ಬಾರಿ ಯೂರಿಯಾ ಕಡಿಮೆ ಮಾಡಿ, ಕಾಂಪೋಸ್ಟಿನ ಜೊತೆಗೆ ಅಜೋಸ್ಪಿರಿಲಮ್ ಹಾಗೂ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಎಂಬ ಎರಡು ಜೈವಿಕ ಗೊಬ್ಬರಗಳನ್ನು ಬಳಸಬೇಕೆಂದಿದ್ದೇನೆ. ಮೊದಲನೆಯದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಎರಡನೆಯದು ಮಣ್ಣಿನಲ್ಲಿ ಕಟ್ಟಿಕೊಂಡ ರಂಜಕವನ್ನು ಬಿಡಿಸಿಕೊಡುತ್ತದೆ ಎಂಬುದು ತಿಳಿದಿದೆ. ನನಗೆ ತೊಡಕಾಗಿರುವುದು ಬಳಸುವ ಕ್ರಮ.

ಕಳೆದ ವರ್ಷ ಪೂರ್ತಿ ಕಳಿಯದ ಗೊಬ್ಬರ ಹಾಕಿ ತಪ್ಪು ಮಾಡಿದೆ. ರಾಶಿಯೊಳಗೆ ಕೈಯಿಟ್ಟರೆ ಇನ್ನೂ ಬಿಸಿ ತಾಗುತ್ತಿತ್ತು, ಸಗಣಿಯ ವಾಸನೆ ಹೋಗಿರಲಿಲ್ಲ. ವಾರದೊಳಗೆ ಕೆಳಗಿನ ಎಲೆಗಳು ಹಳದಿಯಾದವು. ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಈ ಸಲದ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿದ್ದು, ಮೊದಲ ಮಳೆಯ ಮಣ್ಣಿನಂತೆ ಘಮಿಸುತ್ತಿದೆ.

ಜೈವಿಕ ಗೊಬ್ಬರವನ್ನು ಈ ಕಾಂಪೋಸ್ಟಿನಲ್ಲಿ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎಷ್ಟು ದಿನ ಇಟ್ಟ ಮೇಲೆ ಬುಡಕ್ಕೆ ಕೊಡಬೇಕು? ಬುಡ ಕೊಳೆ ಬಾರದಿರಲೆಂದು ತಾಮ್ರದ ಶಿಲೀಂಧ್ರನಾಶಕವನ್ನು ಸುರಿದು ನಾಲ್ಕು ದಿನಗಳಷ್ಟೇ ಆಗಿರುವುದರಿಂದ, ಸೂಕ್ಷ್ಮಜೀವಿಗಳು ಸಾಯದಿರಲು ಇನ್ನೆಷ್ಟು ಕಾಯಬೇಕು ಎಂಬುದೇ ನನ್ನ ಮುಖ್ಯ ಆತಂಕ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ (ಉಪಯುಕ್ತ ಸೂಕ್ಷ್ಮಜೀವಿಗಳ ಮಿಶ್ರಣ) ಅನ್ನು ಹೂವಿನ ಬೆಳೆಗೆ ಬಳಸಿದವರಿದ್ದರೆ, ಮೊಗ್ಗಿನ ಸಂಖ್ಯೆಯಲ್ಲಿ ಕಂಡ ವ್ಯತ್ಯಾಸವನ್ನೂ ದಯವಿಟ್ಟು ತಿಳಿಸಿ. ಮುಂದಿನ ವಾರ ಕುಡಿ ಚಿವುಟಬೇಕಿದ್ದು, ಅಷ್ಟರೊಳಗೆ ಉತ್ತರ ಸಿಕ್ಕರೆ ಬಹಳ ಉಪಕಾರವಾಗುತ್ತದೆ.